ಎರಡು ವರ್ಷ ಗಿರಾಕಿ ಕಾಣದ ನೇಗಿಲು

ಮಿಶ್ರಿಕೋಟಿಯಿರಲಿ, ಕಲಘಟಗಿಯಿರಲಿ, ಉದ್ರಿ ಇಲ್ಲ ಅಂತ ಬೋರ್ಡು ಹಾಕಿದ ಅಂಗಡಿಯಲ್ಲೂ ಉದ್ರಿ ವಹಿ ಇದ್ದೇ ಇರುತ್ತದೆ. ವ್ಯಾಪಾರ ನಡೆಯೋದು ಬರೇ ರೊಕ್ಕದ ಮೇಲಲ್ಲ, ನಂಬಿಗೆ ಮೇಲೆ. ಇದನ್ನು ಕಷ್ಟಪಟ್ಟು ಕಲಿತವರು ನಮ್ಮ ಕಡೆಯವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರ.

ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಗೆ ಚಿತ್ರಕಲೆ ಕಲಿಯಲು ಹೋದರೆ ಬಣ್ಣದ ಭೇದವೇ ಕಣ್ಣಿಗೆ ಹತ್ತಲಿಲ್ಲ. ಯಂತ್ರದ ಕೆಲಸ ಹಿಡಿದು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಮಾಸ್ತರರಾದರು. ಬಡ್ತಿ ತಮಗೆ ತಪ್ಪಿ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಅಲ್ಲಿ 1888ರಲ್ಲೇ ಶುರುವಾಗಿದ್ದ ಸೈಕಲ್ ಅಂಗಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದರು.

ಮುಂದೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಆದರೆ ನೇಗಿಲು ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂಬುದು ರೈತರ ಅಂಜಿಕೆ. ಇನ್ನೊಂದು ಮಾತೂ ಇದೆ. ಮರದ ನೇಗಿಲು ಮಾಡುವವ ಊರ ಬಡಿಗೇರ. ಸುಗ್ಗಿಯಲ್ಲಿ ಕಾಳು ಅಳೆದು ಕೊಟ್ಟರೆ ವರ್ಷಪೂರ್ತಿ ರಿಪೇರಿ ಅವನದೇ. ಗುರುತಿನ ಮನುಷ್ಯನನ್ನು ಬಿಟ್ಟು, ಗುರುತಿಲ್ಲದ ಕಾರಖಾನೆಗೆ ನಗದು ಎಣಿಸಲು ಯಾರ ಕೈ ಮುಂದೆ ಬಂದೀತು? ಎರಡು ವರ್ಷ ಮಾಲು ಹಾಗೇ ಬಿದ್ದಿತ್ತು. ಒಬ್ಬಿಬ್ಬರು ಕೊಂಡು ಉತ್ತಾಗ ಗಟ್ಟಿ ನೆಲವೂ ಆಳಕ್ಕೆ ಒಡೆಯಿತು, ವಿಷವೇನೂ ಏರಲಿಲ್ಲ.

ಅಷ್ಟರಲ್ಲಿ ಊರು ಬೆಳೆಸುವ ಸಲುವಾಗಿ ಬೆಳಗಾವಿ ಮುನಸಿಪಾಲ್ಟಿ ಜಾಗ ಖಾಲಿ ಮಾಡಲು ಹೇಳಿತು. ಆಗ ಕೈಹಿಡಿದವರು ಪರಿಚಯದ ಔಂಧ್ ಸಂಸ್ಥಾನದ ರಾಜರು. ಜಮೀನೂ ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಬೆಳೆದ ಬಯಲಿನಲ್ಲಿ ಕಾರಖಾನೆ ಎದ್ದಿತು. ಮಿರಜ್ ಮೇಲೆ ಪುಣೆಗೆ ಹೋಗುವ ರೈಲು ಇಂದಿಗೂ ಹಾದುಹೋಗುವ ಕಿರ್ಲೋಸ್ಕರವಾಡಿ ಅದೇ.

ಅಲ್ಲಿ ರಾತ್ರಿ ಪಹರೆಗೆ ಅವರು ನೇಮಿಸಿದ್ದು ಯಾರನ್ನ ಗೊತ್ತೇನ್ರಿ? ಜೈಲು ಕಂಡು ಬಂದವರನ್ನ! ಊರೇ ದೂರ ಇಟ್ಟವರ ಕೈಗೆ ಕಾರಖಾನೆಯ ಕಾವಲು. ರಾಜರಿಂದ ತಾವು ಪಡೆದ ನಂಬಿಗೆಯನ್ನು ಅವರು ಕೆಳಗಿನವರಿಗೂ ಹಂಚಿದರು.

ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಈ ಮನೆತನ 1941ರಲ್ಲಿ ಹರಿಹರದಲ್ಲಿ ಕಟ್ಟಿದ ಮೈಸೂರು ಕಿರ್ಲೋಸ್ಕರ ಈಗ ಇಲ್ಲ. ಆದರೂ ಹಳ್ಳಿಯಲ್ಲಿ ಹೊಸ ಧಂದೆ ತೆಗೆಯುವ ಹುಡುಗರು ನೆನಪಿಡಬೇಕಾದದ್ದು ಇದೆ. ಬಂಡವಾಳಕ್ಕೆ ಬ್ಯಾಂಕಿನಲ್ಲಿ ಸಾಲ ಸಿಕ್ಕೀತು, ನಂಬಿಗೆಗೆ ಸಾಲ ಸಿಗೋದಿಲ್ಲ. ಗಿರಾಕಿ ಬರಲಿಲ್ಲವೆಂದು ಊರನ್ನು ಬೈಯುವ ಮೊದಲು, ಊರು ಯಾಕೆ ಅಂಜುತ್ತದೆ ಅಂತ ಕೇಳಿ ನೋಡಬೇಕು.