ವಾಲ್ಟರ್ ಎಲಿಯಟ್

ಸರ್ ವಾಲ್ಟರ್ ಎಲಿಯಟ್ (16 ಜನವರಿ 1803 – 1 ಮಾರ್ಚ್ 1887) ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಆಡಳಿತ ಸೇವೆಯ ಅಧಿಕಾರಿ, ನಾಣ್ಯಶಾಸ್ತ್ರಜ್ಞ, ಶಾಸನ ಸಂಗ್ರಾಹಕ ಹಾಗೂ ಪ್ರಕೃತಿ ವಿಜ್ಞಾನಿ. ದಕ್ಷಿಣ ಭಾರತದ ನಾಣ್ಯಗಳನ್ನು ರಾಜವಂಶಗಳಿಗೆ ಅನುಗುಣವಾಗಿ ವಿಂಗಡಿಸಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಇವರು ಪ್ರಮುಖರು. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬರಾಗಿಯೂ ಇವರು ಕರ್ನಾಟಕದ ಇತಿಹಾಸದಲ್ಲಿ ಪರಿಚಿತರು.

ಜನನ ಮತ್ತು ಶಿಕ್ಷಣ

ಎಲಿಯಟ್ ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಜನಿಸಿದರು. ತಂದೆ ವುಲ್ಫ್‌ಲೀಯ ಜೇಮ್ಸ್ ಎಲಿಯಟ್. ಇಂಗ್ಲೆಂಡಿನ ಹೇಲಿಬರಿಯಲ್ಲಿದ್ದ ಕಂಪನಿಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1821ರಲ್ಲಿ ಮದ್ರಾಸ್ ಸೇವೆಗೆ ಸೇರಿದರು. ಆರಂಭದಲ್ಲಿ ಸೇಲಂ ಜಿಲ್ಲೆಯಲ್ಲಿ ಸಹಾಯಕರಾಗಿದ್ದು, ಬಳಿಕ ಧಾರವಾಡ ಕೇಂದ್ರವಾಗಿದ್ದ ದಕ್ಷಿಣ ಮರಾಠಾ ಪ್ರಾಂತ್ಯಕ್ಕೆ ವರ್ಗಗೊಂಡರು.

ಕಿತ್ತೂರಿನ ಸೆರೆ

ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ 1824ರಲ್ಲಿ ಮಕ್ಕಳಿಲ್ಲದೆ ಮರಣಹೊಂದಿದಾಗ, ಧಾರವಾಡದ ಅಧಿಕಾರಿ ಸೇಂಟ್ ಜಾನ್ ಥ್ಯಾಕರೆ ಸಂಸ್ಥಾನದ ದತ್ತು ಸ್ವೀಕಾರವನ್ನು ಮಾನ್ಯ ಮಾಡಲಿಲ್ಲ. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಆತನ ಸಹಾಯಕರಾಗಿದ್ದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ಆಗ ಎಲಿಯಟ್ಟರ ವಯಸ್ಸು 21. ಸೆರೆಯಲ್ಲಿದ್ದ ಸುಮಾರು ಆರು ವಾರಗಳ ಕಾಲ ಇಬ್ಬರನ್ನೂ ಗೌರವದಿಂದಲೇ ನಡೆಸಿಕೊಳ್ಳಲಾಯಿತು. ಡಿಸೆಂಬರ್ ಆರಂಭದಲ್ಲಿ ಅವರನ್ನು ಬಿಡುಗಡೆ ಮಾಡಿದರೂ ಯುದ್ಧ ನಿಲ್ಲಲಿಲ್ಲ. ಆ ತಿಂಗಳ ಮೊದಲ ವಾರದಲ್ಲಿಯೇ ಕೋಟೆಯು ಬ್ರಿಟಿಷರ ವಶವಾಯಿತು, ರಾಣಿ ಬಂಧಿತಳಾದಳು.

ಶಾಸನಗಳ ಸಂಗ್ರಹ

ಬಿಡುಗಡೆಯ ನಂತರ ಎಲಿಯಟ್ 1833ರವರೆಗೆ ಅದೇ ಪ್ರದೇಶದಲ್ಲಿ ಸೇವೆ ಮುಂದುವರಿಸಿದರು. ಈ ಅವಧಿಯಲ್ಲಿ ದೇವಾಲಯಗಳಲ್ಲಿಯೂ ಹೊಲಗಳ ಅಂಚಿನಲ್ಲಿಯೂ ಇದ್ದ ಹಳಗನ್ನಡ ಶಾಸನಗಳ ಪಾಠಗಳನ್ನು ಸ್ಥಳೀಯ ವಿದ್ವಾಂಸರ ನೆರವಿನಿಂದ ಪ್ರತಿ ಮಾಡಿಸಿದರು. ಒಟ್ಟು 595 ಶಾಸನಗಳ ಈ ಹಸ್ತಪ್ರತಿ ಸಂಗ್ರಹದ ಪ್ರತಿಗಳನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೂ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೂ ನೀಡಲಾಯಿತು. ಇದರ ಆಧಾರದ ಮೇಲೆ 1830ರ ದಶಕದಲ್ಲಿ ಅವರು ಪ್ರಕಟಿಸಿದ ಲೇಖನವು ಚಾಲುಕ್ಯರ ವಂಶಾವಳಿಯನ್ನು ವಿದ್ವತ್ ಲೋಕದ ಮುಂದಿಟ್ಟಿತು. ಕೈಬರಹದ ಪ್ರತಿಗಳಾದ್ದರಿಂದ ಅವುಗಳಲ್ಲಿ ದೋಷಗಳು ಉಳಿದಿದ್ದವು, ಮುಂದೆ ಜೆ. ಎಫ್. ಫ್ಲೀಟ್ ಮೂಲ ಶಾಸನಗಳನ್ನು ಪರಿಶೀಲಿಸಿ ಅನೇಕ ಪಾಠಗಳನ್ನು ತಿದ್ದಿದರು.

ನಾಣ್ಯ ಸಂಗ್ರಹ ಮತ್ತು ಅಧ್ಯಯನ

ಮದ್ರಾಸ್ ಪ್ರಾಂತ್ಯದಲ್ಲಿ ವರಾಹ, ಹಣ, ಕಾಸುಗಳ ಹಳೆಯ ಪದ್ಧತಿಯ ಬದಲಿಗೆ 1818ರಲ್ಲಿ ರೂಪಾಯಿಯನ್ನು ಪ್ರಧಾನ ನಾಣ್ಯವನ್ನಾಗಿ ಮಾಡಲಾಗಿತ್ತು. ಚಲಾವಣೆಯಿಂದ ಹೊರಗುಳಿದ ಚಿನ್ನದ ನಾಣ್ಯಕ್ಕೆ ಲೋಹದ ಬೆಲೆಯಷ್ಟೇ ಉಳಿಯುತ್ತಿತ್ತು. ನೆಲದಲ್ಲಿ ಸಿಕ್ಕ ನಿಧಿಗಳು ಸರಾಫರ ಹಾಗೂ ಅಕ್ಕಸಾಲಿಗರ ಕೈಸೇರಿ ಕರಗಿಹೋಗುವುದು ಸಾಮಾನ್ಯವಾಗಿತ್ತು. ಎಲಿಯಟ್ಟರ ಸಂಗ್ರಹವು ರೂಪುಗೊಂಡದ್ದು ಇಂತಹ ಕಾಲದಲ್ಲಿ.

ಕದಂಬ, ಚಾಲುಕ್ಯ, ಹೊಯ್ಸಳ, ವಿಜಯನಗರ ಮೊದಲಾದ ವಂಶಗಳ ನಾಣ್ಯಗಳನ್ನು ಅವರು ಅಭ್ಯಸಿಸಿದರು. ಈ ನಾಣ್ಯಗಳಲ್ಲಿ ಅನೇಕವು ಇಸವಿಯನ್ನಾಗಲಿ ಅರಸನ ಹೆಸರನ್ನಾಗಲಿ ಹೊಂದಿರುವುದಿಲ್ಲ. ಪದ್ಮಟಂಕಗಳೆಂಬ ಚಿನ್ನದ ನಾಣ್ಯಗಳ ಮೇಲೆ ತಾವರೆ ಮತ್ತಿತರ ಗುರುತುಗಳನ್ನು ಬೇರೆಬೇರೆ ಮುದ್ರೆಗಳಿಂದ ಒತ್ತಲಾಗಿದೆ. ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳಲ್ಲಿ ಅರಸನ ಹೆಸರಿನ ಬದಲು ತಳಕಾಡುಗೊಂಡ ಎಂಬ ಬಿರುದು ಕನ್ನಡ ಲಿಪಿಯಲ್ಲಿದೆ. ಆದ್ದರಿಂದ ಲಾಂಛನ ಮತ್ತು ಬಿರುದುಗಳನ್ನು ಶಾಸನಗಳೊಂದಿಗೆ ಹೋಲಿಸದೆ ನಾಣ್ಯದ ಒಡೆತನವನ್ನು ನಿರ್ಧರಿಸುವುದು ಕಷ್ಟ. ಎಲಿಯಟ್ಟರ ಬಳಿ ಶಾಸನ ಮತ್ತು ನಾಣ್ಯ ಎರಡರ ಸಂಗ್ರಹವೂ ಇದ್ದುದು ಈ ಕಾರ್ಯಕ್ಕೆ ನೆರವಾಯಿತು.

1850ರ ದಶಕದಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅವರ ನಾಣ್ಯಲೇಖನಗಳು ಪ್ರಕಟವಾದವು. ಮುಪ್ಪಿನಲ್ಲಿ ದೃಷ್ಟಿ ಬಹುಪಾಲು ನಷ್ಟವಾಗಿದ್ದರೂ ಇತರರ ಸಹಾಯದಿಂದ ಕೆಲಸ ಮುಂದುವರಿಸಿ, 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ತಮ್ಮ ಪ್ರಮುಖ ಗ್ರಂಥವನ್ನು ಹೊರತಂದರು.

ಮದ್ರಾಸಿನ ಹುದ್ದೆಗಳು ಮತ್ತು ಅಮರಾವತಿ

1836ರಲ್ಲಿ ಎಲಿಯಟ್ ಮದ್ರಾಸ್ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಖಾಸಗಿ ಕಾರ್ಯದರ್ಶಿಯಾದರು. 1839ರಲ್ಲಿ ಮಾರಿಯಾ ಹಂಟರ್ ಬ್ಲೇರ್ ಅವರನ್ನು ಮಾಲ್ಟಾದಲ್ಲಿ ವಿವಾಹವಾದರು. ಮುಂದೆ ಗುಂಟೂರು ಮತ್ತು ಉತ್ತರ ಸರ್ಕಾರ್ ಜಿಲ್ಲೆಗಳ ಆಡಳಿತವನ್ನು ನೋಡಿಕೊಂಡು, 1854ರಲ್ಲಿ ಗವರ್ನರರ ಮಂಡಳಿಯ ಸದಸ್ಯರಾದರು.

1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿ ಅನೇಕ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದರು. ಅವು ಅಲ್ಲಿ ವರ್ಷಗಳ ಕಾಲ ಬಯಲಿನಲ್ಲಿ ಬಿದ್ದಿದ್ದವು. 1859ರಲ್ಲಿ 121 ಶಿಲ್ಪಗಳನ್ನು ಲಂಡನ್ನಿಗೆ ಕಳುಹಿಸಲಾಯಿತು. ದೀರ್ಘಕಾಲ ಎಲಿಯಟ್ ಶಿಲೆಗಳೆಂದು ಕರೆಯಲ್ಪಟ್ಟ ಇವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಉತ್ಖನನದ ಸಮಗ್ರ ದಾಖಲೆ ಉಳಿಯದಿರುವುದರಿಂದ ಹಲವು ಶಿಲ್ಪಗಳ ಮೂಲಸ್ಥಾನವನ್ನು ಗುರುತಿಸುವುದು ಸಂಶೋಧಕರಿಗೆ ತೊಡಕಾಗಿದೆ.

ಪ್ರಕೃತಿ ವಿಜ್ಞಾನ

ಧಾರವಾಡ ಸುತ್ತಲಿನ ಸಸ್ತನಿಗಳ ಪಟ್ಟಿಯೊಂದನ್ನು ಎಲಿಯಟ್ 1839ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ಮರಮೂಗಿಲಿಯ ವೈಜ್ಞಾನಿಕ ನಾಮವಾದ ಅನಥಾನಾ ಎಲಿಯಟಿ ಇವರ ಹೆಸರನ್ನು ಹೊತ್ತಿದೆ. ಚಾರ್ಲ್ಸ್ ಡಾರ್ವಿನ್‌ಗೆ ಭಾರತದಿಂದ ಪಾರಿವಾಳಗಳ ಚರ್ಮಗಳನ್ನು ಕಳುಹಿಸಿದ್ದರು. ಜೀವಿಜಾತಿಗಳ ಉಗಮವನ್ನು ಕುರಿತ 1859ರ ಗ್ರಂಥದಲ್ಲಿ ಡಾರ್ವಿನ್ ಈ ನೆರವನ್ನು ಸ್ಮರಿಸಿದ್ದಾರೆ.

ನಿವೃತ್ತಿ ಮತ್ತು ಮರಣ

1860ರಲ್ಲಿ ನಿವೃತ್ತರಾಗಿ ವುಲ್ಫ್‌ಲೀಯಲ್ಲಿ ನೆಲೆಸಿದರು. 1866ರಲ್ಲಿ ಸರ್ ಪದವಿಯೂ 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆತವು. 1887ರ ಮಾರ್ಚ್ 1ರಂದು ಅಲ್ಲಿಯೇ ನಿಧನರಾದರು.

ಮಹತ್ವ

ಎಲಿಯಟ್ಟರ ನಾಣ್ಯ ಸಂಗ್ರಹವು ಬ್ರಿಟಿಷ್ ಮ್ಯೂಸಿಯಂ ಸೇರಿತು. ಕರಗಿಹೋಗಬಹುದಾಗಿದ್ದ ನಾಣ್ಯಗಳು ಇದರಿಂದ ಉಳಿದವಾದರೂ, ಅವು ದೊರೆತ ನಾಡಿನಿಂದ ದೂರವಾದವು. ನಿಧಿಗಳ ಶೋಧವನ್ನು ಸರ್ಕಾರಕ್ಕೆ ತಿಳಿಸುವುದನ್ನು ಕಡ್ಡಾಯಗೊಳಿಸಿದ ಭಾರತೀಯ ನಿಧಿ ಕಾಯಿದೆ ಜಾರಿಗೆ ಬಂದದ್ದು 1878ರಲ್ಲಿ, ಅಂದರೆ ಅವರು ಭಾರತವನ್ನು ತೊರೆದ 18 ವರ್ಷಗಳ ಬಳಿಕ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಇಂದಿನ ಮಾರುಕಟ್ಟೆಯಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ನೀಡಿ, ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸಿ ಬೆಲೆ ಕಟ್ಟುವ ಪದ್ಧತಿಯಿದೆ. ಎಲಿಯಟ್ಟರ ಅಧ್ಯಯನದಲ್ಲಿ ಪ್ರಾಧಾನ್ಯ ದೊರೆತದ್ದು ಲಾಂಛನ, ಬರಹ ಮತ್ತು ವಂಶಕ್ಕೆ. ಅವರ ಕೆಲವು ತೀರ್ಮಾನಗಳು ನಂತರ ಬದಲಾಗಿದ್ದರೂ, ಕರ್ನಾಟಕದ ಪ್ರಾಚೀನ ನಾಣ್ಯಗಳ ಅಧ್ಯಯನಕ್ಕೆ ಅವರ ಗ್ರಂಥವು ಆರಂಭಿಕ ಆಕರಗಳಲ್ಲೊಂದಾಗಿದೆ.