ವೈನು ಬಪ್ಪು: ಬೆಳಕಿನ ರೇಖೆಗಳನ್ನು ಓದಿದವರು

ಸ್ವತಂತ್ರ ಭಾರತದಲ್ಲಿ ಖಗೋಲವಿಜ್ಞಾನಕ್ಕೆ ಭದ್ರವಾದ ಬುನಾದಿ ಹಾಕಿದ ಮಹನೀಯರಲ್ಲಿ ವೈನು ಬಪ್ಪು ಅವರು ಅಗ್ರಗಣ್ಯರು. ಇವರು 1927ನೆಯ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗದಲ್ಲಿದ್ದುದರಿಂದ ಬಾಲ್ಯದಲ್ಲಿಯೇ ದೂರದರ್ಶಕದ ನಂಟು ಬೆಳೆಯಿತು. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದ ಈ ತರುಣರು 1949ರಲ್ಲಿ ಛಾಯಾಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ನಕ್ಷತ್ರದ ರೋಹಿತದಲ್ಲಿ ಕಾಣುವ ಕ್ಯಾಲ್ಸಿಯಂ ರೇಖೆಯ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆಂದು 1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ ತೋರಿಸಿಕೊಟ್ಟರು. ಇದು ವಿಲ್ಸನ್–ಬಪ್ಪು ಪರಿಣಾಮವೆಂದು ಪ್ರಖ್ಯಾತವಾಗಿದೆ.

ಇಷ್ಟು ಕೀರ್ತಿವಂತರು ಪರದೇಶದಲ್ಲಿಯೇ ನೆಲೆಸಬಹುದಾಗಿತ್ತು. ಆದರೆ ಅವರು ತಾಯ್ನಾಡಿಗೆ ಮರಳಿದರು. ನೈನಿತಾಲಿನಲ್ಲಿ ವೇಧಶಾಲೆಯನ್ನು ಕಟ್ಟಿ, 1960ರಲ್ಲಿ ಕೊಡೈಕನಾಲಿನ ವೇಧಶಾಲೆಯ ನಿರ್ದೇಶಕರಾದರು. ಸೂರ್ಯನ ಅಧ್ಯಯನಕ್ಕೆ ಹೆಸರಾದ ಆ ಸ್ಥಳ ದೂರದ ಮಂದಕಾಯಗಳಿಗೆ ಸಾಲದೆಂದು ಬಗೆದು, ಜವ್ವಾದಿ ಬೆಟ್ಟಗಳ ನಡುವಣ ಕಾವಲೂರನ್ನು ಆರಿಸಿಕೊಂಡರು. ನಮ್ಮ ರಾಜೀವನಗರದಂತೆ ಬೀದಿದೀಪಗಳು ನಕ್ಷತ್ರಗಳನ್ನು ನುಂಗಿಹಾಕುವ ಕಾಟ ಅಲ್ಲಿರಲಿಲ್ಲ. 1972ರಲ್ಲಿ ಅಲ್ಲಿ ಒಂದು ಮೀಟರಿನ ದೂರದರ್ಶಕ ಕೆಲಸಮಾಡತೊಡಗಿತು.

ಅದಕ್ಕೂ ದೊಡ್ಡದು ಏಕೆ ಬೇಕು ಎಂದು ವಾಚಕರು ಕೇಳಬಹುದು. 1943ರಲ್ಲಿ ಕಾರ್ಲ್ ಸೀಫರ್ಟ್ ಎಂಬ ವಿಜ್ಞಾನಿ, ಕೆಲವು ಗೆಲಕ್ಸಿಗಳ ನಡುಭಾಗ ಅಸಾಧಾರಣವಾಗಿ ಬೆಳಗುವುದನ್ನೂ, ಅಲ್ಲಿನ ರೋಹಿತರೇಖೆಗಳು ಬಹಳ ಅಗಲವಾಗಿರುವುದನ್ನೂ ವರ್ಣಿಸಿದ್ದರು. ಸೂರ್ಯನ ಲಕ್ಷ, ಕೋಟಿ ಪಾಲು ತೂಕದ ಕೃಷ್ಣವಿವರದ ಸುತ್ತ ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಿಂದ ಸುತ್ತುವುದೇ ಈ ಅಗಲಕ್ಕೆ ಕಾರಣ. ಒಳಬೀಳುವ ಅನಿಲ ಕಾದು ಬೆಳಗುತ್ತದೆ. ಅದರ ರಭಸ ಉಳಿದ ಅನಿಲವನ್ನು ಹೊರದೂಡಿ ಹೊಸ ನಕ್ಷತ್ರಗಳ ಹುಟ್ಟನ್ನು ತಡೆಯಬಲ್ಲದು. ಹೀಗೆ ಗೆಲಕ್ಸಿಯ ಭವಿಷ್ಯ ಅದರ ಗರ್ಭದ ಕೃಷ್ಣವಿವರಕ್ಕೆ ತಳುಕುಬಿದ್ದಿದೆ. ಬಪ್ಪು ಅವರು ನಕ್ಷತ್ರಗಳಲ್ಲಿ ಓದಿದ್ದೂ ರೇಖೆಯ ಅಗಲವನ್ನೇ, ಕಾರಣ ಮಾತ್ರ ಬೇರೆ. ಆದರೆ ಗೆಲಕ್ಸಿಯ ಬೆಳಕು ಅತಿ ಮಂದ. ಅದನ್ನು ರೋಹಿತವಾಗಿ ಹರಡಿದಾಗ ಇನ್ನೂ ಮಂದ. ವಿಶಾಲವಾದ ಕನ್ನಡಿಯಿಲ್ಲದೆ ಅದನ್ನು ಓದಲಾಗದು.

ಅಂಥ ಕನ್ನಡಿಯನ್ನು ನಮ್ಮವರೇ ಸಿದ್ಧಪಡಿಸಬೇಕೆಂಬುದು ಅವರ ಹಟ. 1971ರಲ್ಲಿ ಸ್ವಾಯತ್ತವಾಗಿ, ಬೆಂಗಳೂರಿನಲ್ಲಿ ನೆಲೆಗೊಂಡ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ 2.34 ಮೀಟರು ವ್ಯಾಸದ ಕನ್ನಡಿಯನ್ನು ಉಜ್ಜಿ ನಯಗೊಳಿಸುವ ಕಾರ್ಯ ನಡೆಯಿತು. 1979ರಲ್ಲಿ ಬಪ್ಪು ಅವರು ಅಂತರರಾಷ್ಟ್ರೀಯ ಖಗೋಲ ಒಕ್ಕೂಟದ ಅಧ್ಯಕ್ಷರಾದರು. ದುರ್ದೈವ! ಕನ್ನಡಿ ಆಕಾಶವನ್ನು ಕಾಣುವ ಮೊದಲೇ, 1982ರ ಆಗಸ್ಟ್ 19ರಂದು, ಮ್ಯೂನಿಕ್ ನಗರದಲ್ಲಿ ಅವರು ಕಣ್ಮುಚ್ಚಿದರು. ಆಗ ಅವರಿಗೆ 55 ವರ್ಷ. 1986ರ ಜನವರಿ 6ರಂದು ಆ ದೂರದರ್ಶಕಕ್ಕೂ ವೇಧಶಾಲೆಗೂ ಅವರ ಹೆಸರನ್ನೇ ಇಡಲಾಯಿತು.

ಮುಂದೆ ನಮ್ಮ ನಾಡಿನ ವಿಜ್ಞಾನಿಗಳು ಅದೇ ಕನ್ನಡಿಯಿಂದ ಸೀಫರ್ಟ್ ಗೆಲಕ್ಸಿಗಳನ್ನು ಪರೀಕ್ಷಿಸಿದರು. ತಾವು ನೋಡಲಾಗದುದನ್ನು ಮುಂದಿನವರು ನೋಡಲೆಂದು ದುಡಿದ ಈ ಬಾಳು ವಿದ್ಯಾರ್ಥಿಗಳಾದ ನಮಗೆ ಮೇಲ್ಪಂಕ್ತಿಯಾಗಿದೆ.