ದೀಪದ ನೈಟಿಂಗೇಲ್ ಗೊತ್ತು, ಲೆಕ್ಕದ ನೈಟಿಂಗೇಲ್ ಗೊತ್ತಾ?

ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ನಮಗೆಲ್ಲ ಶಾಲಾಪಾಠದ ದೀಪವೇ ನೆನಪಾಗುತ್ತೆ. ನನಗೆ ಅವರು ಇಷ್ಟವಾಗೋದು ಲೆಕ್ಕ ಕೇಳಿದ್ದಕ್ಕೆ.

1820ರಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿದವರು. 1854ರ ನವೆಂಬರ್‌ನಲ್ಲಿ 38 ದಾದಿಯರೊಂದಿಗೆ ಕ್ರಿಮಿಯನ್ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಹೋದರು. ಅವರು ಹೋದ ಮೇಲೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. ಇಳಿದದ್ದು 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ, ಗಾಳಿ, ನೀರು ಸರಿಮಾಡಿಸಿದ ನಂತರ. ಊರಿಗೆ ಮರಳಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಅಂಕಿಗಳನ್ನು ಹೋಲಿಸಿದಾಗ, ಅತಿ ಕೆಟ್ಟ ಆಸ್ಪತ್ರೆಗಳ ಸಾಲಿನಲ್ಲಿ ತಾವೇ ದುಡಿದ ಸ್ಕುಟಾರಿ ನಿಂತಿತ್ತು. ಅದನ್ನು ಅವರು ಬಚ್ಚಿಡಲಿಲ್ಲ. ನಮ್ಮ ಯಾವ ಮಂತ್ರಿ ಹೀಗೆ ಮಾಡ್ತಾರೆ ಹೇಳಿ!

1860ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಅವರಿಟ್ಟ ಬೇಡಿಕೆ ಸರಳ: ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯ ಫಾರಂ ತುಂಬಲಿ, ರೋಗಗಳಿಗೆ ಒಂದೇ ಹೆಸರಿನ ಪಟ್ಟಿ ಇರಲಿ. ಕೆಲವು ಆಸ್ಪತ್ರೆಗಳು ತುಂಬಿದವು, ಆದರೆ ಪದ್ಧತಿ ಬಾಳಲಿಲ್ಲ.

ಜಗಳ ಹತ್ತಿದ್ದು 1863ರಲ್ಲಿ. ಅವರ ಪುಸ್ತಕದಲ್ಲಿ ಫಾರ್ ಕೊಟ್ಟ ಒಂದು ಪಟ್ಟಿ ಇತ್ತು. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಸಾವು, ಸಣ್ಣ ಊರುಗಳಲ್ಲಿ ಸುಮಾರು 39. ವೈದ್ಯರು ಉರಿದುಬಿದ್ದರು. ಅವರ ತಕರಾರಿನಲ್ಲಿ ಹುರುಳಿತ್ತು. ವರ್ಷದ ಒಟ್ಟು ಸಾವನ್ನು ಫಾರ್ ಭಾಗಿಸಿದ್ದು ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ. ಒಂದೇ ಹಾಸಿಗೆಯಲ್ಲಿ ವರ್ಷಕ್ಕೆ ಹತ್ತಾರು ಮಂದಿ ಮಲಗಿ ಎದ್ದು ಹೋಗ್ತಾರಲ್ಲ? ಬೇಗ ಬೇಗ ರೋಗಿಗಳು ಬದಲಾಗುವ, ಗಂಭೀರ ರೋಗಿಗಳೇ ತುಂಬಿದ ಆಸ್ಪತ್ರೆ ಈ ಲೆಕ್ಕದಲ್ಲಿ ಮಸಣದಂತೆ ಕಾಣುತ್ತೆ. ಹೋಲಿಕೆ ಬೇಕೆಂದವರ ಕೈಯಲ್ಲೇ ಅಳತೆಗೋಲು ಡೊಂಕಾಗಿತ್ತು. ಹಾಗಂತ ಹೋಲಿಕೆಯನ್ನೇ ಬಿಡಿ ಅನ್ನೋದು ಪ್ರಯೋಜನವಿಲ್ಲದ ವಾದ.

ಆಸ್ಪತ್ರೆಗಳ ಹೋಲಿಕೆಯಲ್ಲಿರುವ ಈ ತೊಡಕು ಪ್ರಯೋಗಾಲಯಗಳಲ್ಲಿ ಕಡಿಮೆ. ಒಂದೇ ಮಾದರಿಯನ್ನು ನೂರಾರು ಲ್ಯಾಬ್‌ಗಳಿಗೆ ಕಳಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಯಾರು ದಾರಿ ತಪ್ಪಿದ್ದಾರೆ ಅನ್ನೋದು ಕಾಣುತ್ತೆ. ಇಲ್ಲಿ ರೋಗಿ ಬಡವ, ಮುದುಕ, ತಡವಾಗಿ ಬಂದ ಎಂಬ ನೆಪಕ್ಕೆ ಜಾಗವಿಲ್ಲ. ವೆಲ್ಲೂರಿನ ಸಿಎಂಸಿ ಇಂಥ ಪರೀಕ್ಷೆಯನ್ನು ಬಹಳ ವರ್ಷಗಳಿಂದ ನಡೆಸುತ್ತಿದೆ. ಆದರೆ ಅಂಕ ತಿಳಿಯೋದು ಲ್ಯಾಬಿಗೆ, ರಕ್ತ ಕೊಟ್ಟವರಿಗಲ್ಲ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿ ತೂಗುಹಾಕಿ ಅನ್ನುತ್ತೆ. ಅದರ ಪಕ್ಕದಲ್ಲಿ ಈ ಅಂಕಪಟ್ಟಿಯೂ ತೂಗಲಿ ಅನ್ನೋದು ನನ್ನ ಬೇಡಿಕೆ.

ನೈಟಿಂಗೇಲ್ ಕಾಯಿಲೆಯಿಂದ ಬಹುಕಾಲ ಹಾಸಿಗೆ ಹಿಡಿದೇ ಪತ್ರ, ವರದಿ ಬರೆದರು. ತೀರಿಕೊಂಡದ್ದು 1910ರಲ್ಲಿ, 90ನೇ ವಯಸ್ಸಿಗೆ.